ಹೊಟ್ಟೆಯ ಕ್ಯಾನ್ಸರ್ ಲಿವರ್‌ಗೆ ಹರಡಿದರೆ ಚಿಕಿತ್ಸೆ ಏನು?

ಪ್ರಶ್ನೆ: ನಮ್ಮ ತಂದೆಗೆ ಜಠರದ ಕ್ಯಾನ್ಸರ್. ಈಗ ಲಿವರ್‌ಗೂ ಹರಡಿದೆಯಂತೆ. ಆಪರೇಷನ್ ಮಾಡಿ ತೆಗೆಯಬಾರದೇಕೆ?
– ಓದುಗರು, ದೊಡ್ಡಮಳೂರು, ಚನ್ನಪಟ್ಟಣ ತಾಲ್ಲೂಕು

ಉತ್ತರ: ಜಠರದ ರಕ್ತ ಮೊದಲು ಲಿವರ್‌ಗೇ ಹೋಗುತ್ತದೆ, ಕ್ಯಾನ್ಸರ್ ಕೋಶಗಳೂ ಅದೇ ದಾರಿ ಹಿಡಿಯುತ್ತವೆ. ಕಣ್ಣಿಗೆ ಕಾಣದ ಕೋಶಗಳು ಬೇರೆಡೆಯೂ ಇರಬಹುದಾದ್ದರಿಂದ ಗಡ್ಡೆ ಕತ್ತರಿಸಿದರಷ್ಟೇ ಸಾಲದು. ಇಡೀ ದೇಹಕ್ಕೆ ತಲುಪುವ ಕೀಮೋಥೆರಪಿಯೇ ಮುಖ್ಯ ಚಿಕಿತ್ಸೆ. ಸಾಮಾನ್ಯವಾಗಿ ಆಕ್ಸಾಲಿಪ್ಲಾಟಿನ್ ಜೊತೆ ಕ್ಯಾಪೆಸಿಟಾಬಿನ್ ಕೊಡುತ್ತಾರೆ. ಬಯಾಪ್ಸಿ ತುಣುಕಿನಲ್ಲಿ ಹರ್-2, ಪಿಡಿ-ಎಲ್1, ಎಂಎಸ್‌ಐ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಹರ್-2 ಪಾಸಿಟಿವ್ ಇದ್ದವರಿಗೆ ಟ್ರಾಸ್ಟುಜುಮ್ಯಾಬ್ ಔಷಧ ಸೇರಿಸಿದರೆ ಆಯಸ್ಸು ಹೆಚ್ಚುತ್ತದೆಂದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಇಮ್ಯುನೊಥೆರಪಿ ಕೊಡಬಹುದೇ ಎಂಬುದನ್ನು ಉಳಿದೆರಡು ಪರೀಕ್ಷೆಗಳು ಹೇಳುತ್ತವೆ. ಗಡ್ಡೆ ಒಂದೆರಡೇ ಇದ್ದು, ಕೀಮೋಗೆ ಚೆನ್ನಾಗಿ ಕುಗ್ಗಿದ ಕೆಲವರಿಗಷ್ಟೇ ಆಪರೇಷನ್.

ಪೂರ್ತಿ ಗುಣವಾಗುವುದು ಅಪರೂಪ. ಆದರೆ ಆಯಸ್ಸು ಹೆಚ್ಚಿಸಬಹುದು, ನರಳಾಟ ತಗ್ಗಿಸಬಹುದು. ನೋವು, ವಾಂತಿ, ಊಟ ಸೇರದಿರುವುದಕ್ಕೆ ಉಪಶಾಮಕ ಆರೈಕೆ ಮೊದಲ ದಿನದಿಂದಲೇ ಬೇಕು.

ಬೆಂಗಳೂರಿನಲ್ಲಿ ಸರ್ಕಾರದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಿದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ರೇಷನ್ ಕಾರ್ಡ್, ಆಧಾರ್, ಬಯಾಪ್ಸಿ ವರದಿ ಜೊತೆಗಿಟ್ಟುಕೊಂಡು ತಡಮಾಡದೆ ತಂದೆಯವರನ್ನು ಕರೆದೊಯ್ಯಿರಿ.