ನೆಲ ಬಿಟ್ಟು ನಿಂತವರ ಹಲಗೆ

ಅಮೆರಿಕದ ಛಾಯಾಗ್ರಾಹಕ ಡೇರಿಯಸ್ ಕಿನ್ಸಿ ತೆಗೆದ, ಮರಕಡಿಯುವವರ ಕಪ್ಪುಬಿಳುಪು ಚಿತ್ರಗಳಲ್ಲಿ ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಮರದ ಗಾತ್ರ. ಕಾಂಡಕ್ಕೆ ಕೊಡಲಿಯಿಂದ ತೆಗೆದ ಬಾಯಿಯೊಳಗೆ ಆಳೊಬ್ಬ ಮೈಚಾಚಿ ಮಲಗಿರುತ್ತಾನೆ. ಇನ್ನೊಬ್ಬನಿಗೂ ಅಲ್ಲಿ ಜಾಗ ಉಳಿದಿರುತ್ತದೆ. ನನ್ನ ಕಣ್ಣು ಮಾತ್ರ ಪ್ರತಿ ಸಲವೂ ಕೆಳಗಿಳಿಯುತ್ತದೆ, ಆ ಕೆಲಸಗಾರರ ಪಾದಗಳ ಕಡೆಗೆ. ಅವರು ನಿಂತಿರುವುದು ನೆಲದಿಂದ ಆಳೆತ್ತರಕ್ಕೂ ಮೇಲೆ, ಕಾಂಡದಿಂದ ಹೊರಚಾಚಿದ ಹಲಗೆಯ ಮೇಲೆ. ಅದಕ್ಕೆ ಕೆಳಗಿನಿಂದ ಊರುಗೋಲಿಲ್ಲ, ಮೇಲಿನಿಂದ ಹಗ್ಗವಿಲ್ಲ, ಒಂದು ಮೊಳೆಯನ್ನೂ ಹೊಡೆದಿಲ್ಲ.

ಇದು ಸ್ಪ್ರಿಂಗ್‌ಬೋರ್ಡ್. ಅಮೆರಿಕದ ವಾಷಿಂಗ್ಟನ್, ಆರೆಗನ್ ಮತ್ತು ಉತ್ತರ ಕ್ಯಾಲಿಫೋರ್ನಿಯ, ಅಲ್ಲಿಂದ ಮೇಲೆ ಕೆನಡಾದ ಬ್ರಿಟಿಷ್ ಕೊಲಂಬಿಯಾ, ಹೀಗೆ ಪೆಸಿಫಿಕ್ ಕರಾವಳಿಯುದ್ದಕ್ಕೂ 19ನೇ ಶತಮಾನದ ಕೊನೆಯಿಂದ ಎರಡನೇ ಮಹಾಯುದ್ಧದ ಹೊತ್ತಿನವರೆಗೆ ದೈತ್ಯ ಮರಗಳನ್ನು ಉರುಳಿಸಿದ್ದು ಇಂಥ ಹಲಗೆಗಳ ಮೇಲೆ ನಿಂತೇ. ಆಸ್ಟ್ರೇಲಿಯದಲ್ಲಿ ನೀಲಗಿರಿ ಕುಲದ ಭಾರಿ ಮರಗಳನ್ನು ಕಡಿಯುತ್ತಿದ್ದವರೂ ಇದೇ ಉಪಾಯವನ್ನು ಬಲ್ಲವರಾಗಿದ್ದರು.

ಅಷ್ಟು ಮೇಲೆ ಹತ್ತಿ ಕಡಿಯುವುದೇಕೆ? ಡಗ್ಲಸ್ ಫರ್, ಕೆಂಪು ಸೀಡರ್‌ನಂಥ ಮರಗಳು ಬುಡದಲ್ಲಿ ಅಗಲವಾಗಿ ಹರಡಿಕೊಂಡಿರುತ್ತವೆ. ಆ ಭಾಗದ ನಾರು ತಿರುಚಿಕೊಂಡಿರುತ್ತದೆ; ಫರ್ ಮರವಾದರೆ ಅಂಟು ಅಲ್ಲೇ ಸೇರಿಕೊಂಡು ಗರಗಸವನ್ನು ಹಿಡಿದುಬಿಡುತ್ತದೆ. ಹಳೆಯ ಸೀಡರ್‌ನ ಬುಡ ಒಳಗೆ ಟೊಳ್ಳಾಗಿರುವುದೂ ಉಂಟು. ಆರೇಳು ಅಡಿ ಮೇಲೆ ಹೋದರೆ ಸುತ್ತಳತೆ ಇಳಿಯುತ್ತದೆ, ನಾರು ನೇರವಾಗುತ್ತದೆ. ಕೈಯಿಂದಲೇ ಕೊಯ್ಯಬೇಕಾದವರಿಗೆ ಅದು ಎಷ್ಟೋ ಹೊತ್ತಿನ ದುಡಿಮೆಯ ಉಳಿತಾಯ. ಕೆಳಗೆ ಉಳಿಯುವ ಬೊಡ್ಡೆ ಎಷ್ಟು ಒಳ್ಳೆಯ ಮರವಾದರೂ ಅಂದು ಅದನ್ನು ಲೆಕ್ಕಕ್ಕೆ ಹಿಡಿದವರಿಲ್ಲ. ಕಾಡು ಮುಗಿಯುವುದೇ ಇಲ್ಲವೆಂದು ನಂಬಿದ್ದ ಕಾಲ ಅದು.

ಹಲಗೆಯ ಉದ್ದ ಸುಮಾರು ಐದಾರು ಅಡಿ, ಅಗಲ ಒಂದು ಗೇಣಿನ ಆಸುಪಾಸು. ಇದರ ಜಾಣ್ಮೆಯೆಲ್ಲ ಇರುವುದು ತುದಿಯಲ್ಲಿ. ಮರದೊಳಗೆ ಹೋಗುವ ತುದಿಗೆ ಲಾಳದಂಥ ಒಂದು ಕಬ್ಬಿಣ ಕೂಡಿಸಿ, ಅದರ ಅಂಚನ್ನು ಮೇಲ್ಮುಖವಾಗಿ ಚೂಪಾಗಿ ಎಬ್ಬಿಸಿರುತ್ತಾರೆ. ಕೆಲಸಗಾರ ಮೊದಲು ಕೊಡಲಿಯಿಂದ ಕಾಂಡದಲ್ಲಿ ಒಂದು ಗೂಡು ಕೊರೆಯುತ್ತಾನೆ. ಹಲಗೆಯ ತುದಿ ಸಲೀಸಾಗಿ ಒಳಗೆ ಹೋದರೆ ಸಾಕು, ಅಷ್ಟೇ ಆಳ. ಹಲಗೆಯನ್ನು ತೂರಿಸಿ ಅವನು ಮೇಲೆ ನಿಂತ ಕೂಡಲೇ ಹೊರತುದಿ ತುಸು ಕೆಳಗೆ ಬಾಗುತ್ತದೆ, ಒಳತುದಿ ಮೇಲೆ ಏಳುತ್ತದೆ, ಕಬ್ಬಿಣದ ಅಂಚು ಗೂಡಿನ ಮೇಲ್ಭಾಗಕ್ಕೆ ಕಚ್ಚಿಕೊಳ್ಳುತ್ತದೆ. ಮನುಷ್ಯನ ಭಾರ ಹೆಚ್ಚಿದಷ್ಟೂ ಹಿಡಿತ ಬಿಗಿ. ಬೀಳಿಸಬೇಕಾದ ತೂಕವನ್ನೇ ಬೀಳದಂತೆ ಹಿಡಿಯುವ ಶಕ್ತಿಯಾಗಿ ತಿರುಗಿಸಿದ ಆ ಯಾವನೋ ಹೆಸರಿಲ್ಲದ ಕಮ್ಮಾರನನ್ನು ನೆನೆದರೆ ನನಗೆ ಕೈಮುಗಿಯಬೇಕೆನಿಸುತ್ತದೆ.

ಇನ್ನೂ ಎತ್ತರಕ್ಕೆ ಹೋಗಬೇಕಾದರೆ ನಿಂತ ಹಲಗೆಯ ಮೇಲಿನಿಂದಲೇ ಇನ್ನೊಂದು ಗೂಡು ಕೊರೆದು, ಎರಡನೆಯ ಹಲಗೆ ಸಿಕ್ಕಿಸಿ, ಅದಕ್ಕೆ ಏರಬೇಕು. ಏರಿದ ಮೇಲೆ ನಿಲುವನ್ನು ಬದಲಿಸುವುದೂ ಒಂದು ವಿದ್ಯೆ. ಕೊಯ್ತ ಮುಂದೆ ಸಾಗಿದಂತೆ ನಿಂತವನೂ ಕಾಂಡದ ಸುತ್ತ ಸರಿಯಬೇಕಲ್ಲ? ಪಳಗಿದವನು ಅದಕ್ಕಾಗಿ ಕೆಳಗಿಳಿಯುತ್ತಿರಲಿಲ್ಲ. ಕ್ಷಣಕಾಲ ಮೈಭಾರವನ್ನು ಹಲಗೆಯಿಂದ ಎತ್ತುತ್ತಿದ್ದ. ಕಬ್ಬಿಣದ ಹಿಡಿತ ಸಡಿಲುತ್ತಿತ್ತು. ಅದೇ ಗಳಿಗೆಯಲ್ಲಿ ಪಾದದಿಂದ ಹಲಗೆಯನ್ನು ಬೇಕಾದ ದಿಕ್ಕಿಗೆ ತಳ್ಳಿ ಮತ್ತೆ ಭಾರ ಬಿಡುತ್ತಿದ್ದ. ಕೊಡಲಿಯ ವರಸೆಯನ್ನು ಹೊಗಳುವವರು ಬೇಕಾದಷ್ಟು ಜನ. ಕಾಲಿನ ಈ ವಿದ್ಯೆಗೆ ಅಷ್ಟು ಮನ್ನಣೆ ಸಿಗಲಿಲ್ಲ.

ಉಳಿದದ್ದು ಎಲ್ಲ ಕಡೆ ಇರುವ ಕ್ರಮವೇ. ಮರ ಉರುಳಬೇಕಾದ ದಿಕ್ಕಿಗೆ ಬಾಯಿ ತೆಗೆದು, ಹಿಂದಿನಿಂದ ಇಬ್ಬರು ಎಳೆಯುವ ಉದ್ದ ಗರಗಸ ಹಾಕುತ್ತಿದ್ದರು. ಗರಗಸ ಸಿಕ್ಕಿಕೊಳ್ಳದಂತೆ ಬೆಣೆ. ಅಂಟು ಬಿಡಿಸಲು ಸೀಮೆಎಣ್ಣೆಯ ಶೀಶೆ. ಅದಕ್ಕೊಂದು ಕೊಕ್ಕೆ ಕಟ್ಟಿ ತೊಗಟೆಗೆ ನೇತುಹಾಕಿಕೊಳ್ಳುತ್ತಿದ್ದರು. ಮರ ನರಳತೊಡಗಿದ ಮೇಲೆ ಇಬ್ಬರೂ ಹಲಗೆ ಬಿಟ್ಟು ಜಿಗಿದು ದೂರ ಓಡಬೇಕು. ಇಳಿಜಾರಿನಲ್ಲಿ, ಪೊದೆಗಳ ನಡುವೆ, ಆಳೆತ್ತರದಿಂದ.

ಇದನ್ನೆಲ್ಲ ನಾವು ಇಂದು ಕಣ್ಣಾರೆ ಕಾಣುವಂತಾಗಿರುವುದು ಮುಖ್ಯವಾಗಿ ಕಿನ್ಸಿ ದಂಪತಿಯಿಂದ. ಮಿಸೌರಿಯಲ್ಲಿ 1869ರಲ್ಲಿ ಹುಟ್ಟಿದ ಡೇರಿಯಸ್ ವಾಷಿಂಗ್ಟನ್‌ಗೆ ಬಂದು, 1896ರಲ್ಲಿ ಟ್ಯಾಬಿತಾ ಅವರನ್ನು ಮದುವೆಯಾಗಿ, ಸೀಡ್ರೋ ವೂಲಿ ಎಂಬ ಊರಿನಲ್ಲಿ ಸ್ಟುಡಿಯೋ ತೆರೆದರು. ಆಮೇಲೆ ಸಂಸಾರ ಸಿಯಾಟಲ್‌ಗೆ ಬಂತು. ಡೇರಿಯಸ್ ಭಾರಿ ಕ್ಯಾಮೆರಾ ಹೊತ್ತು ಕಾಡಿನ ಬಿಡಾರಗಳನ್ನು ಸುತ್ತುತ್ತಿದ್ದರೆ, ನೆಗೆಟಿವ್‌ಗಳನ್ನು ತೊಳೆದು, ಮುದ್ರಿಸಿ, ಕೆಲಸಗಾರರಿಗೆ ತಲುಪುವಂತೆ ಕಳಿಸುತ್ತಿದ್ದವರು ಮನೆಯಲ್ಲಿದ್ದ ಟ್ಯಾಬಿತಾ. ಚಿತ್ರಗಳನ್ನು ಕೊಳ್ಳುತ್ತಿದ್ದವರೂ ಆ ಮರಕಡಿಯುವವರೇ. ಹಾಗಾಗಿಯೇ ಅವರು ಅಷ್ಟು ಗತ್ತಿನಿಂದ ಎದೆ ಸೆಟೆಸಿ ನಿಂತಿದ್ದಾರೆ: ದೂರದೂರಿನ ತಾಯಿಗೋ ಹೆಂಡತಿಗೋ ಹೋಗಬೇಕಾದ ಚಿತ್ರ ಅದು. ತೊಗಟೆಯ ಒಂದೊಂದು ಸೀಳೂ, ಹಲಗೆಯ ಕಬ್ಬಿಣದ ಅಂಚೂ ಸ್ಪಷ್ಟವಾಗಿ ಮೂಡಿರುವ ಆ ಪ್ರತಿಗಳ ಹಿಂದೆ ಕತ್ತಲೆಕೋಣೆಯಲ್ಲಿ ದಶಕಗಟ್ಟಲೆ ನಿಂತ ಹೆಂಗಸಿನ ಕಣ್ಣು ಮತ್ತು ಕೈ ಇವೆ. ಖ್ಯಾತಿಯ ಹೆಚ್ಚಿನ ಪಾಲು ಗಂಡನಿಗೆ ಹೋಯಿತು. ಎಪ್ಪತ್ತು ದಾಟಿದ್ದ ಡೇರಿಯಸ್ 1940ರಲ್ಲಿ ಒಂದು ಬೊಡ್ಡೆಯ ಮೇಲಿನಿಂದ ಬಿದ್ದರು. ಅವರ ಛಾಯಾಗ್ರಹಣ ಅಲ್ಲಿಗೆ ನಿಂತಿತು. 1945ರಲ್ಲಿ ತೀರಿಕೊಂಡರು. ನೆಗೆಟಿವ್‌ಗಳು ಕೈಯಿಂದ ಕೈಗೆ ದಾಟಿ ಕೊನೆಗೆ ಬೆಲ್ಲಿಂಗ್‌ಹ್ಯಾಮ್ ಊರಿನ ವಾಟ್ಕಮ್ ಮ್ಯೂಸಿಯಂ ಸೇರಿದವು.

ಬೆಲ್ಲಿಂಗ್‌ಹ್ಯಾಮ್ ಎಂದಾಗ ಭಾರತೀಯರಾದ ನಾವು ಒಂದು ಗಳಿಗೆ ನಿಲ್ಲಲೇಬೇಕು. ಈ ಮರಗಳು ಸಾಗುತ್ತಿದ್ದದ್ದು ಅಲ್ಲಿನಂಥ ಊರುಗಳ ಸಾಮಿಲ್‌ಗಳಿಗೆ, ಅಲ್ಲಿ ದುಡಿಯುತ್ತಿದ್ದವರಲ್ಲಿ ಪಂಜಾಬಿನಿಂದ ಹೋದ ಸಿಖ್ಖರು ಬಹಳ ಮಂದಿ. 1907ರ ಸೆಪ್ಟೆಂಬರ್ 4ರ ರಾತ್ರಿ ನೂರಾರು ಬಿಳಿಯರ ಗುಂಪು ಅವರ ಬಿಡಾರಗಳಿಗೆ ನುಗ್ಗಿ, ಹೊಡೆದು ಹೊರಗಟ್ಟಿತು. ರಕ್ಷಣೆಯ ಹೆಸರಿನಲ್ಲಿ ಸುಮಾರು ಇನ್ನೂರು ಜನರನ್ನು ನಗರಸಭೆಯ ಕಟ್ಟಡದ ನೆಲಮಾಳಿಗೆಯಲ್ಲಿ ಕೂಡಿಹಾಕಿದರು. ಕೆಲವೇ ದಿನಗಳಲ್ಲಿ ಅವರೆಲ್ಲ ಊರು ಬಿಟ್ಟರು. 1892ರಲ್ಲಿ ಕಟ್ಟಿದ ಆ ಕೆಂಪು ಇಟ್ಟಿಗೆಯ ಕಟ್ಟಡವೇ ಮುಂದೆ ವಾಟ್ಕಮ್ ಮ್ಯೂಸಿಯಂ ಆಯಿತು. ಹಲಗೆಯ ಮೇಲೆ ನಿಂತವರ ಗತ್ತು ಮತ್ತು ಹಲಗೆ ಕೊಯ್ದವರ ಅವಮಾನ ಎರಡನ್ನೂ ಇಂದು ಒಂದೇ ಸಂಸ್ಥೆ ಕಾಯುತ್ತಿದೆ. ಈಗ ಸಿಯಾಟಲ್ ಸುತ್ತ ನೆಲೆಸಿರುವ ಕನ್ನಡಿಗರಿಗೆ ಬೆಲ್ಲಿಂಗ್‌ಹ್ಯಾಮ್ ದೂರವೇನಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ ಬರಬೇಕಾದ ಜಾಗ ಅದು.

ಯುದ್ಧದ ನಂತರ ಮೋಟಾರು ಗರಗಸ ಎಲ್ಲೆಡೆ ಹರಡಿತು. ಬುಡ ಎಷ್ಟೇ ಅಗಲವಿದ್ದರೂ ಅಂಟು ಎಷ್ಟೇ ಇದ್ದರೂ ನೆಲದ ಮೇಲೆ ನಿಂತೇ ಕೊಯ್ಯಬಹುದಾಯಿತು. ಹಲಗೆ ಆಟದ ಅಂಗಳಕ್ಕೆ ಸರಿಯಿತು. ಅಮೆರಿಕದ ಮರಕಡಿತದ ಪಂದ್ಯಗಳಲ್ಲಿ ಸ್ಪರ್ಧಿ ಈಗಲೂ ಎರಡು ಹಲಗೆ ಹೂಡಿ, ಒಂಬತ್ತು ಅಡಿ ಏರಿ, ಕಂಬದ ತುದಿಯ ದಿಮ್ಮಿಯನ್ನು ಕಡಿಯುತ್ತಾನೆ. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲೂ ಈ ಆಟಕ್ಕೆ ಹೆಸರಾಂತ ಕೊಡಲಿಗಾರರಿದ್ದಾರೆ. ಪಂದ್ಯ ಸೊಗಸಾಗಿದೆ. ಆದರೆ ಗಡಿಯಾರದ ಎದುರು ಮುಗಿಯುವ ಆ ಕೆಲಸಕ್ಕೂ, ಮಳೆಗೆ ನೆನೆದ ಹಲಗೆಯ ಮೇಲೆ ದಿನವಿಡೀ ನಿಲ್ಲುವುದಕ್ಕೂ ಹೋಲಿಕೆಯಿಲ್ಲ.

ಆ ದುಡಿಮೆಯ ನಿಜವಾದ ಗುರುತು ಉಳಿದಿರುವುದು ಬೊಡ್ಡೆಗಳಲ್ಲಿ. ವ್ಯಾಂಕೂವರ್‌ನ ಸ್ಟ್ಯಾನ್ಲಿ ಪಾರ್ಕ್ 1888ರಲ್ಲಿ ಉದ್ಯಾನವಾಗಿ ತೆರೆಯುವ ಮುನ್ನ ಅಲ್ಲಿ ಮರ ಕಡಿದಿದ್ದರು. ಸೀಡರ್ ತನ್ನೊಳಗಿನ ಎಣ್ಣೆಯಿಂದಾಗಿ ಬೇಗ ಕೊಳೆಯುವುದಿಲ್ಲವಾದ್ದರಿಂದ, ಹಲಗೆಯ ಗೂಡುಗಳಿರುವ ಬೊಡ್ಡೆಗಳು ಇಂದಿಗೂ ಅಲ್ಲಿವೆ. ಕೆಲವುಗಳ ನೆತ್ತಿಯ ಮೇಲೆ ಹೆಮ್ಲಾಕ್ ಸಸಿ ಮೊಳೆತು, ಮರವಾಗಿ, ಬೇರುಗಳನ್ನು ನೆಲದವರೆಗೆ ಇಳಿಬಿಟ್ಟಿವೆ.

ಬ್ರಿಟಿಷ್ ಕೊಲಂಬಿಯಾದ ಪರಂಪರೆ ರಕ್ಷಣೆಯ ಕಾನೂನು 1846ಕ್ಕಿಂತ ಹಿಂದಿನ ಮಾನವ ಕುರುಹುಗಳಿಗೆ ತಾನಾಗಿಯೇ ರಕ್ಷಣೆ ಕೊಡುತ್ತದೆ. ಸಾವಿರಾರು ವರ್ಷ ಆ ಸೀಡರ್‌ಗಳ ತೊಗಟೆ ಸುಲಿದು, ಹಲಗೆ ಸೀಳಿ, ಎಷ್ಟೋ ಸಲ ಮರವನ್ನು ಕೊಲ್ಲದೆಯೇ ಬಾಳಿದ ಮೂಲನಿವಾಸಿಗಳ ಗುರುತುಗಳು ಹೀಗೆ ಉಳಿದಿವೆ. ಅದು ನ್ಯಾಯವೇ. ಸ್ಪ್ರಿಂಗ್‌ಬೋರ್ಡಿನ ಗೂಡುಗಳು ಮಾತ್ರ ಆ ವರ್ಷದಿಂದ ಈಚಿನವು, ಹಾಗಾಗಿ ಅವಕ್ಕೆ ತಾನಾಗಿ ಸಿಗುವ ಆ ರಕ್ಷಣೆಯಿಲ್ಲ. ಉದ್ಯಾನದ ಬೇಲಿಯೊಳಗೆ ಬಿದ್ದವಕ್ಕೆ ಕಾವಲಿದೆ. ಹೊರಗಿನ ಕಾಡಿನಲ್ಲಿರುವವು ಮುಂದಿನ ಕಟಾವಿನ ಯಂತ್ರ ಬರುವ ತನಕ ಮಾತ್ರ. ಅವುಗಳಲ್ಲಿ ಕೆಲವನ್ನಾದರೂ ಗುರುತಿಸಿ ಬಿಟ್ಟುಕೊಟ್ಟರೆ ಮರದ ವ್ಯಾಪಾರಕ್ಕೆ ಆಗುವ ನಷ್ಟ ಅಷ್ಟಕ್ಕಷ್ಟೇ.