ತವರು ಬಿಟ್ಟು ನಡೆದ ಕುಟುಂಬಗಳು

ಕ್ರಿಸ್ತಜಯಂತಿಯ ನಂತರ ಬರುವ ಭಾನುವಾರ ಧರ್ಮಸಭೆ ಪವಿತ್ರ ಕುಟುಂಬದ ಹಬ್ಬವನ್ನು ಆಚರಿಸುತ್ತದೆ. 1921ರಲ್ಲಿ ಪೋಪ್ 15ನೇ ಬೆನೆಡಿಕ್ಟರು ಇದನ್ನು ಇಡೀ ಧರ್ಮಸಭೆಯ ಹಬ್ಬವನ್ನಾಗಿ ಮಾಡಿದರು. ಈ ಹಬ್ಬಕ್ಕೆಂದು ಬಾಲಯೇಸು, ಮಾತೆ ಮರಿಯ, ಸಂತ ಜೋಸೆಫರು ನಜರೇತಿನ ಮನೆಯಲ್ಲಿ ನೆಮ್ಮದಿಯಿಂದಿರುವ ಚಿತ್ರವನ್ನೇ ನಾವು ಹೆಚ್ಚಾಗಿ ತೂಗುಹಾಕುತ್ತೇವೆ. ಆದರೆ ಮೂರು ವರ್ಷಕ್ಕೊಮ್ಮೆ ಈ ಹಬ್ಬದಂದು ಓದಲಾಗುವ ಮತ್ತಾಯನ ಶುಭಸಂದೇಶದಲ್ಲಿ ಆ ಕುಟುಂಬ ಮನೆಯಲ್ಲೇ ಇಲ್ಲ. ರಾತ್ರೋರಾತ್ರಿ ಎದ್ದು, ಕೂಸನ್ನು ಎತ್ತಿಕೊಂಡು, ಭಾಷೆ ಬಾರದ ಈಜಿಪ್ಟಿಗೆ ಹೊರಟಿದೆ.

ಈ ದೃಷ್ಟಿಯಿಂದ ನೋಡಿದರೆ, ಧರ್ಮಪ್ರಚಾರಕ್ಕಾಗಿ ಹೆಂಡತಿ ಮಕ್ಕಳೊಡನೆ ಪರದೇಶಕ್ಕೆ ಹೋದವರ ಕಥೆಯೂ ಈ ಹಬ್ಬಕ್ಕೆ ಹೊರತಲ್ಲ. ಕಥೋಲಿಕರಾದ ನಮಗೆ 'ಮಿಷನರಿ' ಎಂದೊಡನೆ ನೆನಪಾಗುವುದು ಒಂಟಿಯಾಗಿ ನಡೆದ ಯಾಜಕ. ಸಂತ ಜೋಸೆಫ್ ವಾಜರನ್ನೇ ನೋಡಿ. 1681ರಲ್ಲಿ ಅವರು ಗೋವೆಯಿಂದ ಕೆನರಾ ಕರಾವಳಿಗೆ ಬಂದಾಗ ಕೆಳದಿಯ ರಾಣಿ ಚೆನ್ನಮ್ಮಾಜಿ ಬಿದನೂರಿನಿಂದ ಆಳುತ್ತಿದ್ದಳು. ಅದೇ ಇಂದಿನ ನಗರ, ನಮ್ಮ ಹೊಸನಗರ ತಾಲೂಕಿನದು. ಸುಮಾರು ಮೂರು ವರ್ಷ ಆ ರಾಜ್ಯದ ಕರಾವಳಿಯಲ್ಲಿ ಸೇವೆ ಮಾಡಿದ ವಾಜರು ಮುಂದೆ ಸಿಲೋನಿಗೆ ಹೋದರು. 2015ರ ಜನವರಿಯಲ್ಲಿ ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

ಆದರೆ ಆದಿ ಧರ್ಮಸಭೆಯಲ್ಲಿ ಗಂಡಹೆಂಡಿರೂ ಈ ಕೆಲಸಕ್ಕೆ ಹೊರಟಿದ್ದುಂಟು. ರೋಮಿನಿಂದ ಯೆಹೂದ್ಯರನ್ನು ಹೊರಹಾಕಿದಾಗ ಕೊರಿಂಥಕ್ಕೆ ಬಂದ ಅಕ್ವಿಲ ಮತ್ತು ಪ್ರಿಸ್ಕಿಲ್ಲ ಗುಡಾರ ಹೊಲಿಯುವವರು. ಸಂತ ಪೌಲರು ಅವರ ಮನೆಯಲ್ಲೇ ಉಳಿದು ಅದೇ ಕಸುಬು ಮಾಡಿದರು. ಮುಂದೆ ಎಫೆಸಕ್ಕೂ ಮೂವರು ಜೊತೆಯಾಗಿಯೇ ಹೋದರು. ಅವರ ಮನೆಯಲ್ಲೇ ಸಭೆ ಸೇರುತ್ತಿತ್ತು. ಕೇಫನು, ಅಂದರೆ ಪೇತ್ರರು, ಹೆಂಡತಿಯನ್ನು ಕರೆದುಕೊಂಡೇ ಸಂಚರಿಸುತ್ತಿದ್ದರೆಂಬ ಸೂಚನೆಯೂ ಪೌಲರ ಪತ್ರದಲ್ಲಿದೆ.

ಕನ್ನಡ ನಾಡಿನಲ್ಲಿ ಇದಕ್ಕೆ ಉದಾಹರಣೆ ಬೇಕಿದ್ದರೆ ನಾವು ನಮ್ಮ ಪ್ರೊಟೆಸ್ಟೆಂಟ್ ಸಹೋದರರತ್ತ ನೋಡಬೇಕು. ಒಳ್ಳೆಯದು ಎಲ್ಲಿದ್ದರೂ ಗೌರವಿಸಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆಯೇ ನಮಗೆ ಕಲಿಸಿದೆಯಲ್ಲವೇ?

ಆನಂದಪುರವೆಂದರೆ ನಮ್ಮ ಓದುಗರಿಗೆ ಸಾಗರ ತಾಲೂಕಿನ ಊರು, ಚಂಪಕ ಸರಸಿಯ ಕೊಳ ನೆನಪಾಗುತ್ತದೆ. ಕೊಡಗಿನಲ್ಲಿ, ಸಿದ್ದಾಪುರ-ಅಮ್ಮತ್ತಿಯ ಕಡೆ, ಇನ್ನೊಂದು ಆನಂದಪುರವಿದೆ. ಕಾಫಿ ತೋಟಗಳ ನಡುವಿನ ಈ ಊರು ಬಾಸೆಲ್ ಮಿಷನ್ನಿನ ಕೇಂದ್ರವಾಗಿತ್ತು. ಜೀತದಲ್ಲಿದ್ದ ದಲಿತ ಕುಟುಂಬಗಳು ದೀಕ್ಷಾಸ್ನಾನ ಪಡೆದು ಅಲ್ಲಿ ನೆಲೆನಿಂತವು. ಅದರ ಹಿಂದಿದ್ದವರು ಹೆರ್ಮನ್ ಮೋಗ್ಲಿಂಗರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರಲ್ಲಿ ತಂದವರೆಂದು ಶಾಲಾ ಮಕ್ಕಳಿಗೂ ಅವರು ಗೊತ್ತು. ಅವರ ಕುಟುಂಬದ ಕಥೆ ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ.

ಮೋಗ್ಲಿಂಗರು 1836ರಲ್ಲಿ ಭಾರತಕ್ಕೆ ಬಂದು ಬಹುಕಾಲ ಅವಿವಾಹಿತರಾಗಿಯೇ ದುಡಿದರು. ಅವರ ಬಂಧುವೂ ಸಹೋದ್ಯೋಗಿಯೂ ಆಗಿದ್ದ ಗಾಟ್‌ಫ್ರೀಡ್ ವೈಗ್ಲೆ ಕನ್ನಡ ಬೈಬಲ್ ಅನುವಾದದಲ್ಲಿ ಶ್ರಮಿಸಿದವರು. 1855ರಲ್ಲಿ, ನಲವತ್ತು ತುಂಬುವ ಮೊದಲೇ, ವೈಗ್ಲೆ ತೀರಿಕೊಂಡರು. ಪತ್ನಿ ಪೌಲೀನ ಮಕ್ಕಳೊಂದಿಗೆ ವಿಧವೆಯಾದರು. ಆಕೆಯನ್ನು ಮೋಗ್ಲಿಂಗರು ಮದುವೆಯಾದರು, ಗೆಳೆಯನ ಮಕ್ಕಳಿಗೆ ತಂದೆಯಾದರು. ತಮಗೆ ಸೇರದ ಮಗುವಿನ ಹೊಣೆ ಹೊತ್ತ ಸಂತ ಜೋಸೆಫರ ನೆನಪು ಇಲ್ಲಿ ಬಾರದಿರದು. ಆದರೆ 1860ರಲ್ಲಿ ಪೌಲೀನರ ಆರೋಗ್ಯ ಕೆಟ್ಟು ದಂಪತಿ ಜರ್ಮನಿಗೆ ಮರಳಬೇಕಾಯಿತು. ಕೊಡಗಿನ ಕೆಲಸ ಆಗತಾನೇ ಬೇರು ಬಿಡುತ್ತಿತ್ತು. ಮೋಗ್ಲಿಂಗರು ಮತ್ತೆ ಇತ್ತ ಬರಲಿಲ್ಲ. 1881ರಲ್ಲಿ ಅಲ್ಲಿಯೇ ನಿಧನರಾದರು. ಸೇವೆಯೋ ಹೆಂಡತಿಯೋ ಎಂಬ ಪ್ರಶ್ನೆ ಎದುರಾದಾಗ ಅವರು ಹೆಂಡತಿಯ ಜೊತೆ ಹಡಗು ಹತ್ತಿದರು. ನಮ್ಮ ದೃಷ್ಟಿಯಲ್ಲಿ ಇದು ಸೋಲಲ್ಲ.

ಇದೇ ಪ್ರಯಾಣವನ್ನು ತಿರುಗಾಮುರುಗಾ ಮಾಡಿದವರೊಬ್ಬರಿದ್ದಾರೆ, ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ. 1844ರಲ್ಲಿ, ಹದಿಹರೆಯ ಮುಗಿಯುವ ಮೊದಲೇ, ದೀಕ್ಷಾಸ್ನಾನ ಪಡೆದು ಮೋಗ್ಲಿಂಗರ ಹೆಸರನ್ನೇ ಇಟ್ಟುಕೊಂಡು ಹೆರ್ಮನ್ ಆನಂದರಾವ್ ಆದರು. ಬಂಧುಬಳಗ ದೂರವಾಯಿತು. 1846ರಿಂದ 1851ರವರೆಗೆ ಸ್ವಿಟ್ಜರ್ಲೆಂಡಿನ ಬಾಸೆಲ್ಲಿನಲ್ಲಿ ಓದಿ, ಸಭಾಸೇವೆಗೆ ಅಭಿಷಿಕ್ತರಾಗಿ ಬಂದರು. 1860ರಲ್ಲಿ ಜರ್ಮನಿಯ ಮರೀ ರೈನ್‌ಹಾರ್ಟ್ ಎಂಬಾಕೆಯನ್ನು ಮದುವೆಯಾದರು. ಹತ್ತೊಂಬತ್ತನೆಯ ಶತಮಾನದಲ್ಲಿ, ಆಳುವವರು ಬಿಳಿಯರೇ ಆಗಿದ್ದ ಕಾಲದಲ್ಲಿ, ಒಬ್ಬ ಯುರೋಪಿಯನ್ ಹೆಣ್ಣು ಭಾರತೀಯ ಬೋಧಕನ ಮನೆ ತುಂಬುವುದು ಸಣ್ಣ ಮಾತಲ್ಲ. ಕೌಂಡಿನ್ಯರು ಮಂಗಳೂರಿನ ಗುರುಮಠದಲ್ಲಿ ಪಾಠ ಹೇಳಿ, ಕೊನೆಗೆ ಕೊಡಗಿನ ಆ ಆನಂದಪುರದಲ್ಲಿ ನೆಲೆಸಿ 1893ರಲ್ಲಿ ತೀರಿಕೊಂಡರು. ಇವರಿಬ್ಬರಲ್ಲಿ 'ಪರದೇಶ'ದಲ್ಲಿದ್ದವರು ಯಾರು? ಆಕೆಗೆ ಕೊಡಗು ಪರದೇಶ. ಆತನಿಗೋ ಹುಟ್ಟಿದೂರಿನ ಬೀದಿಯೇ ಪರದೇಶವಾಗಿತ್ತು.

ಈ ಮಿಷನರಿಗಳ ಸಂಸಾರ ಹೇಗೆ ನಡೆಯುತ್ತಿತ್ತೆಂದು ಸ್ವಲ್ಪ ವಿವರಿಸಬೇಕು. ಬಾಸೆಲ್ ಮಿಷನ್ನಿನ ನಿಯಮದಂತೆ ಹೊಸಬರು ಬಂದ ಕೂಡಲೇ ಮದುವೆಯಾಗುವಂತಿರಲಿಲ್ಲ. ಎರಡು ವರ್ಷ ಸೇವೆ ಮಾಡಿ ಸಮಿತಿಯ ಅನುಮತಿ ಕೇಳಬೇಕಿತ್ತು. ಅನುಮತಿ ಸಿಕ್ಕರೆ ಯುರೋಪಿನಲ್ಲಿ ಹೆಣ್ಣು ಗೊತ್ತಾಗುತ್ತಿತ್ತು. ಎಷ್ಟೋ ವಧುಗಳು ವರನ ಮುಖವನ್ನು ಮೊದಲು ನೋಡಿದ್ದೇ ಹಡಗಿನಿಂದ ಇಳಿದಾಗ. ಮದುವೆಯ ವಿಷಯದಲ್ಲಿ ನಮ್ಮ ಹಿರಿಯರ ಕಾಲಕ್ಕೂ ಅವರ ಕಾಲಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲವೆನ್ನಿ! ಆದರೆ ನಿಜವಾದ ಕಷ್ಟ ಮಕ್ಕಳದ್ದು. ಶಾಲೆಗೆ ಹೋಗುವ ವಯಸ್ಸಾದೊಡನೆ ಅವರನ್ನು ಯುರೋಪಿಗೆ ಕಳುಹಿಸಬೇಕಿತ್ತು. ಅದಕ್ಕೆಂದೇ 1853ರಲ್ಲಿ ಬಾಸೆಲ್ಲಿನಲ್ಲಿ ಮಕ್ಕಳ ಮನೆಯೊಂದನ್ನು ತೆರೆಯಲಾಯಿತು. ಆರು ಏಳು ವರ್ಷದ ಮಗುವನ್ನು ಮಂಗಳೂರು ಬಂದರಿನಲ್ಲಿ ಬೀಳ್ಕೊಟ್ಟ ತಾಯಿ ಮತ್ತೆ ಕಾಣುವಷ್ಟರಲ್ಲಿ ಹತ್ತು ವರ್ಷ ಕಳೆದಿರುತ್ತಿತ್ತು. ಮಕ್ಕಳಿಗೆ ತಂದೆತಾಯಿಯೆಂದರೆ ಹಡಗಿನಲ್ಲಿ ಬರುವ ಕಾಗದವಷ್ಟೇ. ಈ ಪದ್ಧತಿಯನ್ನು ಪುಣ್ಯಕಾರ್ಯವೆಂದು ಹೊಗಳಲು ನಮಗೆ ಮನಸ್ಸು ಬಾರದು. ತ್ಯಾಗವನ್ನು ಮಾಡುವವರೇ ಆರಿಸಿಕೊಳ್ಳಬೇಕು. ಆ ಮಕ್ಕಳನ್ನು ಯಾರೂ ಕೇಳಿರಲಿಲ್ಲ.

ನಿಘಂಟಿನ ಫರ್ಡಿನಂಡ್ ಕಿಟ್ಟೆಲರನ್ನು ಅರಿಯದ ಕನ್ನಡಿಗರಿಲ್ಲ. 1832ರಲ್ಲಿ ಉತ್ತರ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಇಲ್ಲಿಗೆ ಬಂದರು. 1860ರಲ್ಲಿ ಪೌಲೀನ ಐತ್ ಎಂಬಾಕೆಯನ್ನು ಮದುವೆಯಾದರು. ನಾಲ್ಕೇ ವರ್ಷದಲ್ಲಿ ಆಕೆ ತೀರಿಕೊಂಡರು. ಮೂರು ವರ್ಷಗಳ ನಂತರ ಆಕೆಯ ತಂಗಿ ಜೂಲಿಯನ್ನು ಮದುವೆಯಾದರು. 1877ರಲ್ಲಿ ಸಂಸಾರ ಸಮೇತ ಊರಿಗೆ ಹೋದರು. ನಿಘಂಟು ಇನ್ನೂ ಮುಗಿದಿರಲಿಲ್ಲ. ಕನ್ನಡ ಪಂಡಿತರಿಲ್ಲದ ಜರ್ಮನಿಯಲ್ಲಿ ಕೂತು ಅದನ್ನು ಮುಗಿಸುವುದು ಹೇಗೆ? 1883ರಲ್ಲಿ ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು ಒಬ್ಬರೇ ಮರಳಿ ಬಂದರು, 1892ರವರೆಗೆ ದುಡಿದರು. 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚಾಯಿತು. ಸುಮಾರು 70,000 ಪದಗಳು. ಅದರ ಪುಟ ತಿರುವುವಾಗ ಕಿಟ್ಟೆಲರಿಗೆ ಕೈಮುಗಿಯುತ್ತೇವೆ. ಒಂಬತ್ತು ವರ್ಷ ಒಬ್ಬಂಟಿಯಾಗಿ ಮನೆ ನಡೆಸಿದ ಜೂಲಿಯ ಹೆಸರು ಎಷ್ಟು ಜನರಿಗೆ ಗೊತ್ತು?

ಇದೆಲ್ಲ ಹಳೆಯ ಕಾಲದ ಕಥೆಯೆಂದು ಬದಿಗಿಡುವಂತಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಬಹುಪಾಲು ಎಲ್ಲಿಂದಲೋ ಬಂದವುಗಳೇ: ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ತೋಟದ ಕೆಲಸಕ್ಕೆ ಬಂದವರು, ಕೇರಳದಿಂದ ಬಂದು ಕಾಡಂಚಿನಲ್ಲಿ ಬೇಸಾಯ ಹಿಡಿದವರು. ಈಗ ಅವರ ಮಕ್ಕಳು ಬೆಂಗಳೂರು, ದುಬೈ, ಕುವೈತ್ ಸೇರುತ್ತಿದ್ದಾರೆ. ಅಪ್ಪ ಗಲ್ಫಿನಲ್ಲಿ, ಅಮ್ಮ ಮತ್ತು ಮಕ್ಕಳು ಇಲ್ಲಿ. ಕೆಲವೆಡೆ ಅಮ್ಮನೇ ನರ್ಸಾಗಿ ಹೊರದೇಶದಲ್ಲಿ, ಮಕ್ಕಳು ಅಜ್ಜಿಯ ಮಡಿಲಲ್ಲಿ. ಅಂದು ಕಾಗದ ಬರುತ್ತಿತ್ತು, ಇಂದು ಮೊಬೈಲಿನಲ್ಲಿ ಮುಖವೇ ಕಾಣುತ್ತದೆ. ಜ್ವರ ಬಂದ ಮಗುವಿನ ಹಣೆ ಮುಟ್ಟಲು ಮಾತ್ರ ಇಂದಿಗೂ ಆಗದು. ಕೊಡಗಿನ ಆನಂದಪುರಕ್ಕೆ ಬೋಧಕರನ್ನು ಕಳುಹಿಸಿದ ಜರ್ಮನಿಯಲ್ಲಿಯೇ ಇಂದು ಎಷ್ಟೋ ಧರ್ಮಕೇಂದ್ರಗಳನ್ನು ಭಾರತದ ಯಾಜಕರು ನಡೆಸುತ್ತಿದ್ದಾರೆ. ಅವರ ವೃದ್ಧ ತಂದೆತಾಯಿಗಳು ನಮ್ಮ ನಡುವೆಯೇ, ಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ.

ಆದ್ದರಿಂದ ಈ ಬಾರಿ ಪವಿತ್ರ ಕುಟುಂಬದ ಹಬ್ಬದಂದು ಒಂದು ಕೆಲಸ ಮಾಡೋಣ. ಮನೆಯಿಂದ ದೂರವಿರುವವರ ಹೆಸರನ್ನು ಚೀಟಿಯಲ್ಲಿ ಬರೆದು ಪೂಜೆಗೆ ಮುನ್ನ ಗುರುಗಳಿಗೆ ಕೊಡಿ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಅವನ್ನು ಒಂದೊಂದಾಗಿ ಓದೋಣ. ಹೋದವರ ಹೆಸರಿನ ಜೊತೆ, ಮನೆಯಲ್ಲಿ ಕಾಯುತ್ತಿರುವವರ ಹೆಸರನ್ನೂ ಬರೆಯಿರಿ.