ಇಲ್ಲದ ಮೆಮೊರಿಯನ್ನು ಹಂಚುವ ಲೆಕ್ಕ

64 ಜಿಬಿ ಮೆಮೊರಿಯ ಒಂದು ಸರ್ವರ್. ಅದರೊಳಗೆ ತಲಾ 16 ಜಿಬಿಯ ಆರು ವರ್ಚುವಲ್ ಮಶೀನುಗಳು. ಕೂಡಿದರೆ 96 ಜಿಬಿ. ಹೆಚ್ಚಿನ 32 ಜಿಬಿ ಎಲ್ಲೂ ಇಲ್ಲ. ಠೇವಣಿ ಇಟ್ಟವರೆಲ್ಲ ಒಂದೇ ದಿನ ಹಣ ಕೇಳಲು ಬರುವುದಿಲ್ಲ ಎಂಬ ಧೈರ್ಯದಿಂದ ಬ್ಯಾಂಕು ಸಾಲ ಕೊಡುವಂತೆ, ಈ ಯಂತ್ರಗಳನ್ನು ನಡೆಸುವ ಹೈಪರ್‌ವೈಸರ್ ಎಂಬ ತಂತ್ರಾಂಶ ತನ್ನಲ್ಲಿ ಇರುವುದಕ್ಕಿಂತ ಹೆಚ್ಚು ಮೆಮೊರಿಗೆ ಮಾತು ಕೊಡುತ್ತದೆ. ಬಹುಪಾಲು ದಿನ ಅದು ನಡೆದುಹೋಗುತ್ತದೆ.

ಎಲ್ಲ ಯಂತ್ರಗಳೂ ಒಟ್ಟಿಗೆ ಕೇಳಿದ ದಿನ ಹೈಪರ್‌ವೈಸರ್ ಕೆಲವು ಪುಟಗಳನ್ನು ಡಿಸ್ಕಿಗೆ ಸಾಗಹಾಕುತ್ತದೆ. ಒಂದು ಪುಟವೆಂದರೆ 4 ಕೆಬಿ. ಇದೇ ಸ್ವಾಪಿಂಗ್. ರ‍್ಯಾಮ್‌ನಿಂದ ಓದಲು ಸುಮಾರು 100 ನ್ಯಾನೊಸೆಕೆಂಡು ಸಾಕು. ತಿರುಗುವ ಹಾರ್ಡ್ ಡಿಸ್ಕಿನಿಂದ ಓದಲು ಅದರ ಲಕ್ಷ ಪಟ್ಟು ಹೊತ್ತು ಬೇಕಾದೀತು. ಎಸ್‌ಎಸ್‌ಡಿ ಎಷ್ಟೋ ವಾಸಿ, ಆದರೂ ರ‍್ಯಾಮ್‌ಗೆ ಸಾಟಿಯಲ್ಲ.

ನಿಧಾನವಾಗುವುದು ಒಂದು ತೊಂದರೆ. ಅದಕ್ಕಿಂತ ದೊಡ್ಡದು, ಯಾವ ಪುಟ ಬೇಕು, ಯಾವುದು ಬೇಡ ಎಂಬುದು ಹೈಪರ್‌ವೈಸರ್‌ಗೆ ಗೊತ್ತಿಲ್ಲದಿರುವುದು. ಅದು ಗೊತ್ತಿರುವುದು ಒಳಗಿನ ಆಪರೇಟಿಂಗ್ ಸಿಸ್ಟಮ್‌ಗೆ ಮಾತ್ರ. ಬಹಳ ದಿನದಿಂದ ಮುಟ್ಟದ ಪುಟವನ್ನು ಹೈಪರ್‌ವೈಸರ್ ಡಿಸ್ಕಿಗೆ ಕಳಿಸಿರುತ್ತದೆ. ಸ್ವಲ್ಪ ಹೊತ್ತಿಗೆ ಒಳಗಿನ ಸಿಸ್ಟಮ್ ಕೂಡ ಅದೇ ಪುಟವನ್ನು ತನ್ನ ಸ್ವಾಪ್‌ಗೆ ಬರೆಯಲು ಹೊರಡುತ್ತದೆ. ಬರೆಯಬೇಕಾದರೆ ಪುಟ ಮೆಮೊರಿಯಲ್ಲಿರಬೇಕಲ್ಲ! ಡಿಸ್ಕಿನಿಂದ ತಂದು ಮತ್ತೆ ಡಿಸ್ಕಿಗೇ ಬರೆಯುವ ಈ ವ್ಯರ್ಥ ಓಡಾಟವನ್ನು ಗೋಲ್ಡ್‌ಬರ್ಗ್ ಮತ್ತು ಹ್ಯಾಸಿಂಜರ್ 1974ರಲ್ಲೇ ವಿವರಿಸಿದ್ದರು.

ಹೈಪರ್‌ವೈಸರ್ ಮಾಡುವ ಸ್ವಾಪಿಂಗನ್ನು ಪತ್ತೆಹಚ್ಚುವುದೂ ಕಷ್ಟ. ವರ್ಚುವಲ್ ಮಶೀನಿನೊಳಗೆ ಕೂತು ವಿಎಂಸ್ಟ್ಯಾಟ್ ಎಂಬ ಆಜ್ಞೆ ಓಡಿಸಿದರೆ ಸ್ವಾಪ್ ತೋರಿಸುವ ಎಸ್‌ಐ, ಎಸ್‌ಒ ಕಾಲಂಗಳಲ್ಲಿ ಬರೀ ಸೊನ್ನೆ. ಮೆಮೊರಿ ಖಾಲಿ ಇದೆ, ಆದರೂ ಡೇಟಾಬೇಸ್ ತೆವಳುತ್ತಿದೆ. ಅದೇ ಆಜ್ಞೆಯನ್ನು ಹೊರಗಿನ ಸರ್ವರ್‌ನಲ್ಲಿ ಕೊಟ್ಟರಷ್ಟೇ ಅಂಕಿಗಳು ಕುಣಿಯುವುದು ಕಾಣುತ್ತದೆ. ಹಾಗೆಂದು ಹೊರಗಿನ ಸ್ವಾಪ್ ಪೂರ್ತಿ ತೆಗೆದುಬಿಡಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮೆಮೊರಿ ತೀರಿದಾಗ ಹೊರಗಿನ ಲಿನಕ್ಸ್ ಇಡೀ ವರ್ಚುವಲ್ ಮಶೀನನ್ನೇ ಕೊಂದುಹಾಕಬಹುದು. ನಿಧಾನವಾದರೂ ಬದುಕಿರುವುದು ಮೇಲು.

2002ರಲ್ಲಿ ವಿಎಂವೇರ್‌ನ ಕಾರ್ಲ್ ವಾಲ್ಡ್‌ಸ್ಪರ್ಗರ್ ಬಲೂನ್ ಎಂಬ ಉಪಾಯವನ್ನು ವಿವರಿಸಿದರು. ಒಳಗಿನ ಸಿಸ್ಟಮ್‌ನಲ್ಲಿ ಒಂದು ಪುಟ್ಟ ಡ್ರೈವರ್ ಕೂತಿರುತ್ತದೆ. ಹೈಪರ್‌ವೈಸರ್ ಹೇಳಿದಾಗ ಅದು ಮೆಮೊರಿ ಕೇಳಿ ಪಡೆದು ಉಬ್ಬುತ್ತದೆ. ಏನನ್ನು ಬಿಟ್ಟುಕೊಡಬೇಕೆಂದು ಒಳಗಿನ ಸಿಸ್ಟಮ್ಮೇ ತೀರ್ಮಾನಿಸುತ್ತದೆ. ಬಲೂನು ಹಿಡಿದ ಪುಟಗಳನ್ನು ಹೈಪರ್‌ವೈಸರ್ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಗೊತ್ತಿರುವವರ ಕೈಗೇ ತೀರ್ಮಾನ ಕೊಟ್ಟ ಜಾಣತನ ಇದು. ಆದರೆ ಒಳಗೊಂದು ಡ್ರೈವರ್ ಬೇಕೇ ಬೇಕು.

ಅದೂ ಇಲ್ಲದೆ ಸಾಧಿಸುವ ದಾರಿಯೊಂದನ್ನು ತೋರಿಸಿದ ಕೆಲಸ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಅಲ್ಲಿನ ಆಶೀಶ್ ಪನ್ವರ್, ಕೆ. ಗೋಪಿನಾಥ್ ಹಾಗೂ ದೆಹಲಿ ಐಐಟಿಯ ಸೊರವ್ ಬನ್ಸಲ್ 2019ರಲ್ಲಿ ಹಾಕ್‌ಐ ಎಂಬ ವ್ಯವಸ್ಥೆಯನ್ನು ಪ್ರಕಟಿಸಿದರು. ಅದರ ಮುಖ್ಯ ಗುರಿ 2 ಎಂಬಿಯ ದೊಡ್ಡ ಪುಟಗಳನ್ನು ಸರಿಯಾಗಿ ಬಳಸುವುದು. ಅಂಥದೊಂದರಲ್ಲಿ 512 ಸಣ್ಣ ಪುಟಗಳು ಹಿಡಿಯುತ್ತವೆ, ಹಲವು ಬರೀ ಸೊನ್ನೆ ತುಂಬಿಕೊಂಡು ದಂಡವಾಗಿರುತ್ತವೆ. ಹಾಕ್‌ಐ ಅವನ್ನು ಹುಡುಕಿ ಬಿಡಿಸುತ್ತದೆ. ಹುಡುಕಾಟ ದುಬಾರಿಯೇನಲ್ಲ: ಬಳಕೆಯಲ್ಲಿರುವ ಪುಟವಾದರೆ ಸಾಮಾನ್ಯವಾಗಿ ಮೊದಲ ಕೆಲವೇ ಬೈಟುಗಳಲ್ಲಿ ಸೊನ್ನೆಯಲ್ಲದ್ದು ಸಿಕ್ಕಿಬಿಡುತ್ತದೆ, ಮುಂದೆ ಓದಬೇಕಿಲ್ಲ. ಪೂರ್ತಿ 4096 ಬೈಟು ಓದಬೇಕಾದದ್ದು ನಿಜಕ್ಕೂ ಖಾಲಿ ಇರುವ ಪುಟವನ್ನು ಮಾತ್ರ.

ಖಾಲಿಯಾದ ಪುಟಗಳನ್ನು ಹಾಕ್‌ಐ ಬಿಡುವಿನಲ್ಲಿ ಮೊದಲೇ ಸೊನ್ನೆ ಮಾಡಿಯೂ ಇಡುತ್ತದೆ. ಇದನ್ನು ವರ್ಚುವಲ್ ಮಶೀನಿನೊಳಗೆ ನಡೆಸಿ, ಒಂದೇ ತೆರನಾದ ಪುಟಗಳನ್ನು ಒಂದಾಗಿಸುವ ಲಿನಕ್ಸ್‌ನ ಕೆಎಸ್‌ಎಂ ಸೌಲಭ್ಯವನ್ನು ಹೊರಗೆ ನಡೆಸಿದರೆ, ಸೊನ್ನೆಯ ಪುಟಗಳೆಲ್ಲ ಸೇರಿ ಒಂದೇ ಪುಟವಾಗುತ್ತವೆ. ಯಾವುದು ಖಾಲಿ ಎಂದು ಒಳಗಿನ ಸಿಸ್ಟಮ್ ಬಾಯಿಬಿಟ್ಟು ಹೇಳದಿದ್ದರೂ, ಉಳಿದ ಜಾಗ ಪಕ್ಕದ ಯಂತ್ರಕ್ಕೆ ಸಿಗುತ್ತದೆ.